ಅಕ್ಷರಕ್ಕೆ ಹನ್ನೆರಡು, ಚುಕ್ಕೆ ಪುಕ್ಕಟೆ

ಹಾಸನದ ಕೋರ್ಟಿನ ಹಿಂದಿನ ಓಣಿಯಲ್ಲಿ
ಖಲಂದರ್ ಸಾಬರು ಹಿತ್ತಾಳೆ ಕೊರೆಯುತ್ತಿದ್ದರು.
ನಾನು ಪುಡಿ ಊದುವ ಹುಡುಗ.
ಅಕ್ಷರಕ್ಕೆ ಹನ್ನೆರಡು ರೂಪಾಯಿ, ಒತ್ತಿಗೆ ಆರು,
ಚುಕ್ಕೆ ಪುಕ್ಕಟೆ.

ಅದಕ್ಕೇ ಇರಬೇಕು, ಊರ ದೊಡ್ಡವರೆಲ್ಲ
ನಮ್ಮ ಅಂಗಡಿಗೆ ಮೊಟಕಾಗಿ ಬರುತ್ತಿದ್ದರು.
ಡಾ. ಪ್ರೊ. ವಿ. ನಿ.
'ನಿ' ಅಂದರೆ ನಿವೃತ್ತ. ತಹಶೀಲ್ದಾರರೊಬ್ಬರು
ಬರೆದುಕೊಟ್ಟ ಚೀಟಿಯನ್ನು ವಾಪಸ್ ಇಸಿದುಕೊಂಡು
ಅದೊಂದನ್ನು ಉಗುರಲ್ಲಿ ಕೆರೆದು ಹಾಕಿದರು.

ವೈದಿಕರಿಗೆ ಚುಕ್ಕೆ ಒಗ್ಗದು.
ವೇ|| ಬ್ರ|| ಶ್ರೀ||
ಪ್ರತಿ ಬಿರುದಿನ ಬೆನ್ನಿಗೂ ಜೋಡಿ ಗೆರೆ,
ನೆಟ್ಟಗೆ, ಬಾಗಿಲಿಗೆ ಆನಿಸಿಟ್ಟ ಕೋಲಿನ ಹಾಗೆ.

"ಎಲ್ಎಲ್.ಬಿ.ಯಲ್ಲಿ ಒಂದು ಎಲ್ ಸಾಲದೇ ವಕೀಲರೇ?"
"ಅದು ಲ್ಯಾಟಿನ್ ಸಾಬ್ರೇ. ಬಹುವಚನ ಬೇಕಾದ್ರೆ
ಅಕ್ಷರಾನೇ ಎರಡು ಸಲ ಬರೀತಾರೆ.
ಕಾನೂನುಗಳು ಅಂತ."
"ಗಳು ಹಾಕೋಕೆ ಇಪ್ಪತ್ನಾಲ್ಕು ರೂಪಾಯಿ ಜಾಸ್ತಿ" ಅಂದರು ಸಾಬರು.

ಕಾಫಿ ಕ್ಯೂರಿಂಗಿನ ಇಳವಳಗನ್ ಸಾರ್‌ಗೆ ಡಾ. ಬೇಡ.
"ನಮ್ಮಲ್ಲಿ ಓದಿದೋನು ಮುನೈವರ್,
ಮದ್ದು ಕೊಡೋನು ಮರುತ್ತುವರ್.
ನಿಮ್ಮ ಡಾ. ಹಾಕ್ಕೊಂಡ್ರೆ ರಾತ್ರಿಯೆಲ್ಲ ಜ್ವರದ ಮಕ್ಕಳು."

"ನಿಮ್ಮ ಉರ್ದೂಲಿ ಹೇಗೆ ಸಾಬ್ರೇ?" ನಾನು ಕೇಳಿದೆ.
"ಪೂರಾ ಬರೀತೀವಿ, ಡಾಕ್ಟರ್.
ಅಕ್ಷರಕ್ಕೇ ಅಷ್ಟು ಚುಕ್ಕೆ ಇರೋವಾಗ
ಮೊಟಕಿಗೆ ಅಂತ ಇನ್ನೊಂದು ಎಲ್ಲಿಡ್ಲಪ್ಪ?"

ಆ ವರ್ಷವೇ ಬಂದದ್ದು ಪುಟ್ಟಲಕ್ಷ್ಮಿ ಮೇಡಂ.
ಕೋರವಂಗಲದ ಕಲ್ಲು ಓದಿ ಪದವಿ ತಂದವರು,
ಚಪ್ಪಲಿ ಅಂಗಡಿಯ ಹೊರಗೇ ಬಿಟ್ಟರು.
"ಹಳೇ ಶಾಸನದಲ್ಲಿ ಇದೆಲ್ಲ ಇಲ್ಲ ಸಾಬ್ರೇ.
ಸಮಧಿಗತಪಂಚಮಹಾಶಬ್ದಮಹಾಮಂಡಳೇಶ್ವರಂ—
ದೊರೆ ಹೆಸರು ಸಿಗೋ ಹೊತ್ತಿಗೆ ಕಣ್ಣು ಸೋತಿರುತ್ತೆ."
ಸಾಬರು ಬೆರಳು ಮಡಚಿದರು, ಬಿಡಿಸಿದರು.
"ಹದಿನೆಂಟು ಅಕ್ಷರ, ಎರಡು ಒತ್ತು.
ಇನ್ನೂರ ಇಪ್ಪತ್ತೆಂಟು. ಒಂದೇ ಪದಕ್ಕೆ!
ಯಾವ ಪುಣ್ಯಾತ್ಮನೋ ಆ ಕಲ್ಲುಕುಟಿಗ."

ಚೀಟಿಯಲ್ಲಿ ಇದ್ದದ್ದು: ಡಾ. ಪುಟ್ಟಲಕ್ಷ್ಮಿ ಕೆ.
"ಕೆ. ಊರೋ, ತಂದೆಯೋ?"
"ಅಮ್ಮ. ಕೆಂಚಮ್ಮ.
ದುದ್ದದ ಸುತ್ತ ಏಳು ಹಳ್ಳಿಗೆ ಸೂಲಗಿತ್ತಿ.
ಓದು ಬರಲ್ಲ. ಹಿಡಿದ ಕೂಸಿಗೆ ಒಂದು ಸುಣ್ಣದ ಬೊಟ್ಟು
ಇಡ್ತಾಳೆ, ಅಡಿಗೆಮನೆ ಬಾಗಿಲ ಹಿಂದೆ.
ಮುನ್ನೂರ ಹನ್ನೊಂದು ಇದ್ವು, ಮನೆ ಬಿಟ್ಟಾಗ."

ಸಾಬರು ಚಾಣ ಕೆಳಗಿಟ್ಟರು.
"ಅವರ ಹೆಸರೂ ಹಾಕೋಣ. ಹಿಂದೆ ಏನು ಬರೀಲಿ?"
ಏನು ಬರೆಯುವುದು.
ಪದವಿಗೆ ಮೊಟಕು ಬರಬೇಕಾದರೆ ಮೊದಲು
ಅದನ್ನು ಸಾವಿರ ಸಲ ಯಾರಾದರೂ ಬರೆದಿರಬೇಕು.
'ಸೂ.' ಅಂದೆ ನಾನು.
ಮೇಡಂ ನಕ್ಕುಬಿಟ್ಟರು, ಕೋರ್ಟಿನ ಗೋಡೆ ತೋರಿಸಿ:
*ಸೂ: ಇಲ್ಲಿ ಉಗುಳಬಾರದು.*

ಪೂರ್ತಿ ಕೊರೆದರು, ಎರಡನೇ ಸಾಲಿಗೆ,
ಮೊದಲ ಸಾಲಿನಷ್ಟೇ ದಪ್ಪಕ್ಕೆ:
ಸೂಲಗಿತ್ತಿ ಕೆಂಚಮ್ಮ.
ರಸೀದಿ ಬರೆಯಹೋದ ನನ್ನ ಕೈ ತಡೆದು
"ಒತ್ತಿನ ಕಾಸು ಬಿಡು" ಅಂದರು.

ಆಮೇಲೆ, ಮಳೆಗಾಲ ಕಳೆದು, ಪಾಲಿಷ್‌ಗೆಂದು
ಫಲಕ ಬಿಚ್ಚಿಕೊಂಡು ಬಂದ ಮೇಡಂ ಹೇಳಿದ್ದು:
ಒಂದು ರಾತ್ರಿ ಎರಡು ಗಂಟೆಗೆ ಬಾಗಿಲು ಬಡಿದರಂತೆ.
ನಾನಲ್ಲ, ಅದು ಪಿಎಚ್.ಡಿ. ಡಾ. ಅಂತ
ಇವರು ನಿದ್ದೆಗಣ್ಣಲ್ಲೇ ವಾಡಿಕೆಯ ಮಾತು ಶುರುಮಾಡಿದರೆ
ಆಟೋದವನು ಎರಡನೇ ಸಾಲಿಗೆ ಬೆರಳಿಟ್ಟನಂತೆ.
ಆ್ಯಂಬುಲೆನ್ಸಿಗೆ ಇವರು ಫೋನು ಹುಡುಕುತ್ತಿರುವಾಗ
ಪೊರೆ ಬಂದ ಕಣ್ಣಿನ ಮುದುಕಿ, ಸೆರಗು ಬಿಗಿದು,
ಆಟೋದೊಳಗೆ ಕೈ ನೀಡಿ ಕೇಳಿದಳಂತೆ:
"ನೋವು ಬಂದು ಎಷ್ಟೊತ್ತಾಯ್ತವ್ವ?"

ವಿದ್ಯಾನಗರದ ಆ ಬಾಡಿಗೆ ಮನೆಯಲ್ಲಿ
ಮಾರನೆ ದಿನ, ಅಡಿಗೆಮನೆ ಬಾಗಿಲ ಹಿಂದೆ,
ಓನರು ಬಳಿಸಿದ ಹೊಸ ಹಸಿರು ಬಣ್ಣದ ಮೇಲೆ
ಒಂದು ಚುಕ್ಕೆ.