ಕಾಳಿನ ಲೆಕ್ಕ

ನವನಗರದ ಕಾಲೇಜು, ಮೂರನೇ ಮಹಡಿ,
ಫ್ಯಾನಿನ ಒಂದು ರೆಕ್ಕೆ ಸೊಟ್ಟ.
ಶನಿವಾರ ನಾಲ್ಕರ ಮೇಲೆ ಸಭೆ.
ನಾನು ಖಜಾಂಚಿ, ಅಂದರೆ
ನನ್ನ ಹತ್ತಿರ ಪೆನ್ನು ಇತ್ತು, ರೊಕ್ಕ ಇರಲಿಲ್ಲ.

ಪಕ್ಕದ ಸೆಕ್ಟರಿನ ಶಾಲೆಯಲ್ಲಿ ಕಣ್ಣಿನ ತಪಾಸಣೆ ಆಗಿತ್ತು.
ಕರಿಹಲಗೆ ಕಾಣದ ಮಕ್ಕಳು ಮೂವತ್ತೆರಡು.
ಚಷ್ಮಾ ಒಂದಕ್ಕೆ ಮುನ್ನೂರ ನಲವತ್ತು.
ಗುಣಿಸಿ ಓದಿದೆ: ಹತ್ತು ಸಾವಿರದ ಎಂಟುನೂರ ಎಂಬತ್ತು.
ಎಲ್ಲರೂ ತಲೆ ಎತ್ತಿ ಫ್ಯಾನು ನೋಡಿದರು.

ಆರ್ಕೆಸ್ಟ್ರಾ ಕರಸೋಣು, ಅಂದ ಮುತ್ತಪ್ಪ ಹೂಗಾರ.
ಮುಂಗಡವೇ ನಲವತ್ತು ಸಾವಿರ. ಗೀಟು ಎಳೆದೆ.
ಓಟದ ಸ್ಪರ್ಧೆ?
"ದಿನಾ ಮುಂಜಾನೆ ಕೆರೂರ ಬಸ್ಸಿನ ಹಿಂದ ಓಡತೀನಿ,
ಯಾರರೆ ಎಂಟಾಣೆ ಕೊಟ್ಟಾರೇನು?"
ಸೌಭಾಗ್ಯ ಕೇಳಿದಳು. ಅದಕ್ಕೂ ಗೀಟು.

ಅಮೀನಗಡದ ಕರದಂಟು ತಂದು ಮಾರಿದೆವು, ನಿಜ.
ರುಚಿ ನೋಡಿದವರೇ ಕಿಲೋ ಮುಗಿಸಿದರು,
ಅವರಲ್ಲಿ ನಮ್ಮ ಅಧ್ಯಕ್ಷನೂ ಒಬ್ಬ.
ರೇಷ್ಮಾ ಬಾಗವಾನಳ ಮೆಹಂದಿ, ಕೈಯೊಂದಕ್ಕೆ ಇಪ್ಪತ್ತು:
ಇಪ್ಪತ್ತೇ ಇದ್ದ ಪಿಯುಸಿ ಹುಡುಗಿ
ಎಡಗೈ ಮಾತ್ರ ಚಾಚಿದಳು,
ಬಲಗೈ ನೋಟ್ಸ್ ಬರೆಯುತ್ತಲೇ ಇತ್ತು.
ಹಿಂದಿನ ಬೆಂಚು ಒಂದು ತಾಸು ಸುಮ್ಮನಿದ್ದರೆ
ಐವತ್ತು ಕೊಡುವೆನೆಂದರು ಅರ್ಥಶಾಸ್ತ್ರದ ಸರ್.
ಇಪ್ಪತ್ತೆರಡನೇ ನಿಮಿಷಕ್ಕೆ ಯಾರೋ ಸೀನಿ
ಎಲ್ಲ ಕೆಟ್ಟಿತು.
ಆದರೂ ಇಪ್ಪತ್ತು ಕೊಟ್ಟರು. ರಸೀದಿ ಬ್ಯಾಡ ಅಂದರು.
ಹರಿದು ಕೊಟ್ಟೆ.

ಆಮೇಲೆ ದಾನಮ್ಮ,
ಯಾವಾಗಲೂ ಮೊದಲ ಬೆಂಚಿನ ದಾನಮ್ಮ,
ಉಪ್ಪಿನಕಾಯಿ ವಾಸನೆ ಇನ್ನೂ ಬಿಡದ ಗಾಜಿನ ಬರಣಿ ತಂದಳು,
ಕುತ್ತಿಗೆಯ ತನಕ ಬಿಳಿಜೋಳ.
"ಎಷ್ಟ ಕಾಳ ಅದಾವ ಹೇಳ್ರಿ. ಒಂದ ಊಹೆಗೆ ಐದ ರೂಪಾಯಿ.
ಹತ್ತಿರ ಹೇಳಿದವರಿಗೆ ಬರಣಿ."

ಆದರೆ ಮೊದಲು ನಮಗೆ ಗೊತ್ತಿರಬೇಕಲ್ಲ.
ಗುರುವಾರ ರಾತ್ರಿ, ಹಾಸ್ಟೆಲಿನ ವರಾಂಡ,
ಹಳೆಯ ಪೇಪರು ಹಾಸಿ
ಹತ್ತರ ಗುಪ್ಪೆ, ನೂರರ ಗುಪ್ಪೆ.
ಮೊದಲು ಅವಳು. ಆಮೇಲೆ ನಾನು.
ಅವಳದು ಒಂಬತ್ತು ಸಾವಿರದ ನಾನೂರ ಹನ್ನೆರಡು.
ನನ್ನದು ಒಂಬತ್ತು ಸಾವಿರದ ಏಳುನೂರ ಎಂಬತ್ತೆಂಟು.
ಇಲಿ ತಿಂದಿತೆನ್ನಲು
ನನ್ನದಾದರೂ ಕಡಿಮೆ ಬರಬೇಕಿತ್ತು.

ಮತ್ತೆ ಎಣಿಸು ಅಂದೆ. ನೋಡುತ್ತ ಕೂತೆ.
ಮೂಗು ಕಾಳಿಗೆ ತಾಗುವಷ್ಟು ಬಗ್ಗಿದಳು.
ಒಂದಕ್ಕೊಂದು ಒತ್ತಿ ನಿಂತ ಎರಡನ್ನು
ಒಂದೆಂದೇ ಸರಿಸುತ್ತಿತ್ತು ಬೆರಳು, ಎಷ್ಟು ನಂಬಿಕೆಯಿಂದ!
"ದಾನಿ, ಅಲ್ಲಿ ಗೋಡೆ ಮ್ಯಾಲಿನ ಕ್ಯಾಲೆಂಡರದಾಗ
ಇವತ್ತ ಯಾವ ತಿಥಿ ನೋಡು."
"ಯಾವ ಕ್ಯಾಲೆಂಡರ?"

ಶುಕ್ರವಾರ ಬಸ್ ನಿಲ್ದಾಣದಲ್ಲಿ ಬರಣಿ ಇಟ್ಟೆವು.
ಕಂಡಕ್ಟರು ಐದು ಸಾವಿರ ಅಂದ, ಚಿಲ್ಲರೆ ಇಲ್ಲ ಅಂದ, ಹತ್ತೇ ಕೊಟ್ಟ.
ಗಣಿತದವರು ವ್ಯಾಸ ಅಳೆದರು.
ರೊಟ್ಟಿ ಮಾರುವ ಸಾವಂತ್ರವ್ವ
ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ,
"ಪಾವಶೇರ, ಮ್ಯಾಲ ಒಂದ ಹಿಡಿ," ಅಂದಳು.
ಕಾಳೆಷ್ಟು ಅಜ್ಜಿ?
"ಕಾಳ ಎಣಸಂಗಿಲ್ಲವಾ ನಾವು, ಅಳೀತೀವಿ."
ಐದು ರೂಪಾಯಿ ಇಟ್ಟು ಬುಟ್ಟಿ ಹೊತ್ತಳು.
ಅವಳ ಊಹೆಯನ್ನು ಯಾವ ಕಾಲಮಿನಲ್ಲಿ ಬರೆಯಲಿ?

ಎಲ್ಲ ಕೂಡಿ ಹತ್ತು ಸಾವಿರದ ಒಂಬೈನೂರ ಹತ್ತು.
ಮೂವತ್ತು ಉಳಿಯಿತು.
ಪಟ್ಟಿಯ ಕೆಳಗೆ ಪೆನ್ಸಿಲಿನಲ್ಲಿ ಬರೆದೆ:
ಮೂವತ್ತಮೂರು, ದಾನಮ್ಮ. ಬಾಕಿ ಮುನ್ನೂರ ಹತ್ತು.
"ಅಳಸು," ಅಂದಳು, "ಕೊಡವರ ಪಟ್ಟಿ ಬ್ಯಾರೆ,
ತಗೊಳ್ಳವರ ಪಟ್ಟಿ ಬ್ಯಾರೆ."
ಅಳಿಸಲು ರಬ್ಬರು ಎಲ್ಲಿದೆ ಎಂದು ಹುಡುಕುತ್ತಿದ್ದಳು,
ರಬ್ಬರು ಅವಳ ಮುಂದೆಯೇ ಇತ್ತು.
ನಾನು ಹೇಳಲಿಲ್ಲ.

ಗೆದ್ದವರು ಯಾರೆಂದು ಈಗಲೂ ಕೇಳುತ್ತಾರೆ.
ನನ್ನ ಎಣಿಕೆಯ ಹತ್ತಿರ ಬಂದವನಿಗೆ ಬರಣಿ ಕೊಟ್ಟಾಯಿತು,
ಅವರ ಮನೆಯಲ್ಲಿ ರೊಟ್ಟಿಯೂ ಆಗಿರಬೇಕು.
ಆದರೆ ನನ್ನದೇ ಸರಿ ಅಂತ ಯಾರು ಹೇಳಿದರು?
ತಪಾಸಣೆಗೆ
ನಾನೂ ಹೋಗಿಲ್ಲ ಇನ್ನೂ.