ಕುಡಿ

ಸಾಗರಕ್ಕೆ ಬಂದು ಒಂಬತ್ತು ದಿನ.
ಬಲಗೈ ಹೆಬ್ಬೆರಳು ಇನ್ನೂ ರಾತ್ರಿಯೆಲ್ಲ
ತಾನಾಗೇ ಮಡಚಿಕೊಳ್ಳುತ್ತದೆ, ಕತ್ತರಿ ಹಿಡಿದಂತೆ.

ಎಷ್ಟು ದುಡಿದೆ ಎಂದು ಅಪ್ಪ ಕೇಳಲಿಲ್ಲ.
ಅಲ್ಲಿ ಉಳಿ ಎಂಥದು ಸಿಗುತ್ತದೆ ಎಂದ.
ಎರಡು ತಂದಿದ್ದೆ. ಒಂದನ್ನು ಉಗುರಿನ ಮೇಲೆ ಎಳೆದು ನೋಡಿ
ಇನ್ನೊಂದನ್ನು ಕಾಗದ ಬಿಚ್ಚದೆ ಗೂಡಿನಲ್ಲಿಟ್ಟ.

ವಾರಿಜಕ್ಕ ನನ್ನ ದೊಡ್ಡಮ್ಮನ ಮಗಳು.
ಅಡಿಲೇಡಿನಿಂದ ಒಂದು ಗಂಟೆ ದಾರಿ, ಸುತ್ತ ದ್ರಾಕ್ಷಿತೋಟ.
ಹೊಲಿಗೆ ಮಿಷನ್ನಿನ ಕೋಣೆ ಬಿಟ್ಟುಕೊಟ್ಟಳು,
ಬಾಡಿಗೆಯ ಮಾತೆತ್ತಿದರೆ ಬಾಯಿಗೆ ಕೈ ಅಡ್ಡ ಇಟ್ಟಳು.
ಬಚ್ಚಲಲ್ಲಿ ಮಾತ್ರ ಮರಳುಗಡಿಯಾರ: ನಾಲ್ಕು ನಿಮಿಷ.
"ನೆಂಟರಿಗೆ ಹೀಗೆ ಹೇಳಬಾರದು ಕಣೇ, ಟ್ಯಾಂಕಿನ ನೀರು"
ಎಂದು ಪ್ರತಿ ಭಾನುವಾರ ಹೇಳಿದಳು.
ನನ್ನ ತಟ್ಟೆಯ ಜೊತೆ ಅವರದನ್ನೂ ತೊಳೆಯುತ್ತಿದ್ದೆ;
ಮೂರನೇ ವಾರದಿಂದ ಯಾರೂ "ಇರಲಿ ಬಿಡು" ಅನ್ನಲಿಲ್ಲ.
ಅಲ್ಲಿಗೆ ನಾನು ನೆಂಟಳಲ್ಲ ಎಂದು ಗೊತ್ತಾಯಿತು.
ಅವಳ ಗಂಡ ಗ್ರೆಗ್, ಭಾವ ಎಂದು ಕರೆದರೆ
ಅದು ತನಗಿಟ್ಟ ಅಡ್ಡಹೆಸರು ಎಂದುಕೊಂಡು
ಟೋಪಿಯ ಮೇಲೆ ಬರೆಸಿಕೊಂಡಿದ್ದ.

ಜುಲೈ. ಬೆಳಗಿನ ಏಳು.
ಉಪ್ಪು ಚೆಲ್ಲಿದ ಹಾಗೆ ಹುಲ್ಲಿನ ಮೇಲೆ ಹಿಮ.
ಗಿಡಕ್ಕಿಷ್ಟು ಅಂತ ಕೂಲಿ.
ಎರಡು ತೋಳು ಉಳಿಸು, ತೋಳಿಗೆ ಆರು ಕಡ್ಡಿ,
ಕಡ್ಡಿಗೆರಡು ಕಣ್ಣು, ಮಿಕ್ಕಿದ್ದು ಕಡಿ.
ಪಕ್ಕದ ಸಾಲಿನ ಕಾಂಬೋಡಿಯಾದ ಹೆಂಗಸು
ನಾನು ಒಂದು ಗಿಡ ಮುಗಿಸುವಷ್ಟರಲ್ಲಿ ಮೂರು ದಾಟಿ
ತಿರುಗಿ ನೋಡಿ ನಗುತ್ತಿದ್ದಳು, ಕೆಟ್ಟ ನಗುವಲ್ಲ.

ಒಣಗಿದ ಕುಡಿಗಳು ತಂತಿಗೆ ಸುತ್ತಿಕೊಂಡೇ ಸತ್ತಿದ್ದವು,
ತಂತಿಗಿಂತ ಗಟ್ಟಿ. ಬಿಡಿಸುತ್ತ ಬಿಡಿಸುತ್ತ
ಒಂದು ದಿನ ಕೈ ನಿಂತಿತು:
ಎಲೆ ಉದುರಿದ ಗುರುತು ಈ ಬದಿಗೆ, ಕುಡಿ ಆ ಬದಿಗೆ.
ಎಲೆಗೆ ಎದುರು. ಎಲೆಯ ಕಂಕುಳಲ್ಲಲ್ಲ.
ಎರಡು ಗೆಣ್ಣಿಗೆ ಕುಡಿ, ಮೂರನೆಯದು ಬರಿದು,
ಮತ್ತೆರಡಕ್ಕೆ ಕುಡಿ, ಮತ್ತೆ ಬರಿದು.

ಗಂಧದ ಪೆಟ್ಟಿಗೆಯ ಅಂಚಿಗೆ
ಹನ್ನೊಂದು ವರ್ಷ ದ್ರಾಕ್ಷಿಬಳ್ಳಿ ಕೆತ್ತಿದವಳು ನಾನು.
ಅಪ್ಪ ನಲವತ್ತು ವರ್ಷ. ಅಜ್ಜನದಕ್ಕೆ ಲೆಕ್ಕವಿಲ್ಲ.
ಎಲ್ಲರದೂ ಕಂಕುಳ ಕುಡಿ,
ಗೆಣ್ಣಿಗೊಂದರಂತೆ, ಒಂದೂ ತಪ್ಪದೆ.
ಹಣ್ಣು ನೋಡಿದ್ದೆವು ಸಂತೆಯಲ್ಲಿ, ಕಾಗದದ ಚೂರಿನ ಮೇಲೆ.
ಬಳ್ಳಿಯನ್ನು ನಮ್ಮಲ್ಲಿ ಯಾರು ಕಂಡಿದ್ದರು?

ಹೊರಡುವ ಹಿಂದಿನ ರಾತ್ರಿ ವಾರಿಜಕ್ಕ
ಲೋಟ ಮುಂದಿಟ್ಟು "ಕುಡಿ" ಅಂದಳು.
ನಾನು ಒಂದು ಕ್ಷಣ ಬಳ್ಳಿಯದನ್ನೇ ನೆನೆದೆ.
ಒಗರು. ಹುಳಿ. ನುಂಗಿದ ಮೇಲೆ ಗಂಟಲಲ್ಲಿ
ಪೀಪಾಯಿಯ ಮರ, ಸುಟ್ಟ ಒಳಮೈ, ನಾರು ಸಮೇತ.
"ಮರ ಗೊತ್ತಾಯಿತಕ್ಕ, ಹಣ್ಣು ಗೊತ್ತಾಗಲಿಲ್ಲ" ಅಂದೆ.
ಗ್ರೆಗ್‌ಗೆ ತಿಳಿಸಿ ಹೇಳಿ ಅವಳು ನಕ್ಕಳು.
ಆಮೇಲೆ, ಅವನು ಎದ್ದು ಹೋದ ಮೇಲೆ:
"ನೀನು ಕೆಲಸಕ್ಕೆ ಹೋದಾಗ ನಿನ್ನ ಸೂಟ್‌ಕೇಸು ತೆರೆಯುತ್ತಿದ್ದೆ.
ಏನೂ ಮುಟ್ಟಲಿಲ್ಲ. ಬರೀ ಮೂಸುತ್ತಿದ್ದೆ.
ಬಟ್ಟೆಗೆಲ್ಲ ನಿಮ್ಮ ಜಗಲಿಯ ಗಂಧದ ಪುಡಿ."

ನಿನ್ನೆ ಅಪ್ಪನಿಗೆ ಹೇಳಿದೆ, ಕುಡಿಯ ವಿಷಯ.
ಅಜ್ಜನ ಖಾಕಿ ಕಾಗದದ ನಕ್ಷೆ ತಂದು ಬೆಳಕಿಗೆ ಹಿಡಿದ,
ಕನ್ನಡಕ ಹಣೆಗೇರಿಸಿದ, ಇಳಿಸಿದ.
"ಮೂರಕ್ಕೊಂದು ಬರಿದು ಬಿಟ್ಟರೆ
ಗಿರಾಕಿ ಮುರಿದಿದೆ ಅಂತಾನೆ.
ಅಷ್ಟಕ್ಕೂ ಇದನ್ನು ಯಾರು ಹಿಂಡಿ ಕುಡಿಯಬೇಕು?"
ನಕ್ಷೆ ಮಡಚಿದ. ಸುತ್ತಿಗೆ ಎತ್ತಿಕೊಂಡ.
ನಾನೂ ನನ್ನ ಮಣೆಗೆ ಹೋದೆ,
ಅಜ್ಜನ ಬಳ್ಳಿಯನ್ನೇ ಕೆತ್ತಿದೆ, ಸಂಜೆವರೆಗೆ.

ದೀಪ ಹೋಯಿತು. ಬೀದಿಯದೂ ಹೋಯಿತು.
ಇಬ್ಬರೂ ಕೈ ಕಟ್ಟಿ ಕೂತಿದ್ದೆವು, ಪುಡಿಯ ನಡುವೆ.
ಬಹಳ ಹೊತ್ತಿನ ಮೇಲೆ
ಕತ್ತಲೊಳಗಿಂದ ಅಪ್ಪ:
"ಯಾವ ಗೆಣ್ಣು ಬರಿದು ಅಂದೆ?"