ಹೊಟ್ಟೆಗೆ ಕಿವಿ

ಹನ್ನೊಂದೂವರೆಗೆ ಜಿಲೇಬಿ
ಹಿಂಗಾಲಿನಿಂದ ತನ್ನ ಹೊಟ್ಟೆಗೆ ತಾನೇ ಒದ್ದಳು.
ನೊಣ ಅಂದುಕೊಂಡೆ.
ಆಮೇಲೆ ಕತ್ತು ತಿರುಗಿಸಿ ಪಕ್ಕೆ ನೋಡಿದಳು,
ಅಲ್ಲಿಂದ ಯಾರೋ ಕರೆದ ಹಾಗೆ.
ಮುಂಗಾಲು ಮಡಚಿ ಹೊರಳಲು ಹೊರಟಾಗ
ಹಳಿಯಾಳಕ್ಕೆ ಫೋನು ಮಾಡಿದೆ.

ಲಾಲ್‌ಸಾಬ ಸಿದ್ದಿ ನಲವತ್ತು ವರ್ಷ ಜಟಕಾ ಹೊಡೆದವ.
ಈಗ ಕುದುರೆಯಿಲ್ಲ, ಕೆಮ್ಮು ಇದೆ.
ಕೆಮ್ಮಿ ಮುಗಿಸಿ ಕೇಳಿದ:
‘ಹೊಟ್ಟಿಗೆ ಕಿವಿ ಹಚ್ಚು ತಂಗಿ. ಏನ ಕೇಳತೈತಿ?’

ಹಚ್ಚಿದೆ.
ಒಳ್ಳೆಯ ದಿನ ಅಲ್ಲಿ
ದೋಣಿಯ ತಳಕ್ಕೆ ನೀರು ಬಡಿಯುತ್ತದೆ,
ಕುಚ್ಚಲಕ್ಕಿ ಗಂಜಿ ಕುದಿಯುತ್ತದೆ.
ಇವತ್ತು ಬೈತಖೋಲದ ಮಂಜುಗಡ್ಡೆ ಕಾರ್ಖಾನೆ
ಮೀನುಗಾರಿಕೆ ಬಂದ್ ಆದ ತಿಂಗಳಲ್ಲಿ ನಿಂತ ಹಾಗೆ.

‘ಏನೂ ಇಲ್ಲ’ ಅಂದೆ.
ಆ ಕಡೆಯೂ ಸ್ವಲ್ಪ ಹೊತ್ತು ಏನೂ ಇಲ್ಲ.

ವಸಡಿಗೆ ಹೆಬ್ಬೆರಳು ಒತ್ತಿ ಬಿಡು, ಎಣಿಸು ಅಂದ.
ಎರಡರೊಳಗೆ ಕೆಂಪು ಮರಳಬೇಕು.
ನಾನು ನಾಲ್ಕರವರೆಗೆ ಹೋದೆ.
ದವಡೆಯ ಕೆಳಗೆ ಗಾಳದ ದಾರದಂಥ ನರ,
ಒಳಗೆ ಸಣ್ಣ ಮೀನು ಕಚ್ಚುತ್ತಲೇ ಇದೆ:
ನಿಮಿಷಕ್ಕೆ ನಲವತ್ತು ಸಾಕು, ಅರವತ್ತೆರಡು.

‘ಕುದುರಿಗೆ ವಾಂತಿ ಅನ್ನೂದ ಇಲ್ಲ.
ಒಳಗ ಹೋದದ್ದು ಬಾಲದ ಕಡಿಂದನ ಬರಬೇಕು.
ಮೇವು ಬ್ಯಾಡ. ಡಾಕ್ಟರಿಗೆ ಹೇಳಿ ಕಳಸು.
ಸುಮ್ಮನ ನಿಂತರ ನಿಲ್ಲಲಿ,
ಹೊರಳಾಕ ಹೋದರ ನಡಸು. ಓಡಸಬ್ಯಾಡ.’

ನಡೆಸಿದೆ.
ಗಾಳಿಮರದಿಂದ ಮಗುಚಿಟ್ಟ ದೋಣಿಯವರೆಗೆ,
ದೋಣಿಯಿಂದ ಗಾಳಿಮರದವರೆಗೆ.
ಬೆಳಗಾವಿಯ ಬ್ಯಾಂಡ್ ಕಂಪನಿಯಲ್ಲಿ
ಲೆಕ್ಕವಿಲ್ಲದಷ್ಟು ಮದುಮಗಂದಿರನ್ನು ಹೊತ್ತವಳು ಇವಳು.
ಈಗಲೂ ಎಲ್ಲಾದರೂ ಡೋಲು ಕೇಳಿದರೆ
ನಿಂತು ಫೋಟೋಗೆ ಮುಖ ಕೊಡುತ್ತಾಳೆ.
ಬಲೆಯ ಪಾಲು ಮಾರಿ ಇವಳನ್ನು ತಂದಾಗ
ಕೋಡಿಬಾಗದ ಹೆಂಗಸರು ನಕ್ಕಿದ್ದರು:
‘ಇದು ಮೊಟ್ಟೆ ಇಡ್ತದಾ?’
ಹಗಲು ಮಕ್ಕಳನ್ನು ಎಡಗಡೆಯಿಂದ ಹತ್ತಿಸಿ
ಹಿಮ್ಮಡಿ ಕೆಳಗೆ, ಬೆನ್ನು ನೆಟ್ಟಗೆ, ಕಿರುಚಬೇಡ ಅನ್ನುವ ನಾನು
ಆ ರಾತ್ರಿ ಒಂದೇ ಮಾತು ಹೇಳುತ್ತಿದ್ದೆ:
ಹಾಕೇ. ಒಂದು ಸಲ ಹಾಕೇ.

ಎರಡೂವರೆಗೆ ಅಂಕೋಲಾದಿಂದ ಸ್ಕೂಟರು.
ಡಾಕ್ಟರ್ ಗುನಗಾ, ಮಳೆಕೋಟಿನ ಒಳಗೆ ನೈಟಿ.
ನೋವಿಗೆ ಸೂಜಿ. ಮೂಗಿನಿಂದ ಹೊಟ್ಟೆಗೆ ಉದ್ದದ ಕೊಳವೆ,
ಬಾಲ್ದಿಯಲ್ಲಿ ಕದಡಿದ ಇಸಬಗೋಲು.
ಕೈ ತೊಳೆಯುತ್ತ ಕೇಳಿದರು: ‘ಹುಲ್ಲು ಎಲ್ಲಿ ಹಾಕ್ತೀರಿ?’
ನೆಲ ತೋರಿಸಿದೆ.
ಅವರು ಬ್ಯಾಟರಿ ಬೆಳಕನ್ನು ಅಲ್ಲೇ ಸ್ವಲ್ಪ ಹೊತ್ತು ಹಿಡಿದರು.
ಹೊಯಿಗೆ ಮಿನುಗಿತು.

ನಮ್ಮಲ್ಲಿ ಸೂರ್ಯ ಬೆನ್ನ ಹಿಂದಿನಿಂದ ಬರುತ್ತಾನೆ.
ಮೊದಲ ಬಿಸಿಲು ದಂಡೆಗಲ್ಲ, ದೂರದ ಕೂರ್ಮಗಡಕ್ಕೆ.
ಅದು ಹಳದಿಯಾಗುವ ಹೊತ್ತಿಗೆ
ಜಿಲೇಬಿ ಬಾಲವೆತ್ತಿದಳು.

ಐದು ಉಂಡೆ. ಬೊಗಸೆಯಲ್ಲಿ ಹಿಡಿದೆ,
ನಾಚಿಕೆಯೇನು, ಬೆಚ್ಚಗಿತ್ತು.
ಒಂದನ್ನು ಬಾಲ್ದಿ ನೀರಿಗೆ ಹಾಕಿ ಕಲಕಿದೆ.
ಹುಲ್ಲು ತೇಲಿತು.
ತಳದಲ್ಲಿ ಕೂತದ್ದು
ಒಂದು ಮುಷ್ಟಿ ಕಾರವಾರ.

‘ಬಿತ್ತೇನು?’ ಅಂತ ಫೋನು.
‘ಬಿತ್ತು.’
ಲಾಲ್‌ಸಾಬ ನಕ್ಕ, ನಗು ಕೆಮ್ಮಾಯಿತು,
ಕೆಮ್ಮು ಮುಗಿಯುವವರೆಗೆ ನಾನು ಕಾದೆ.

ಈಗ ಗಂಡನ ಹರಿದ ಬೀಡುಬಲೆ ಹೊಲಿಯುತ್ತಿದ್ದೇನೆ,
ಹುಲ್ಲು ತುಂಬಿ ಗಾಳಿಮರಕ್ಕೆ ತೂಗಲು.
ಗೊರಸು ಸಿಕ್ಕದಷ್ಟು ಎತ್ತರಕ್ಕೆ,
ಅವಳ ಮೂಗಿನ ಮಟ್ಟಕ್ಕೆ.
ಬಲೆಗೆ ಇನ್ನೂ ಬಂಗುಡೆಯ ವಾಸನೆ.
ಮೂರು ಸಲ ತೊಳೆದೆ, ಅವಳು ಮೂಸಿ ಮುಖ ತಿರುಗಿಸಿದಳು.
ನಾಲ್ಕನೆಯ ಸಲ ಸೋಪು ಹಾಕಬೇಕು.

ಎಂಟು ಗಂಟೆಗೆ ಒಬ್ಬ ಹುಡುಗ ನೋಟು ಹಿಡಿದು ಬಂದ.
ಇವತ್ತು ಸವಾರಿ ಇಲ್ಲ ಅಂದೆ.
ಬೇಕಾದರೆ ಬಾ,
ಇಲ್ಲಿ ಕಿವಿ ಇಡು.